ಅಮೆರಿಕದ ಕಾಲೇಜು ಬೇಸ್‌ಬಾಲ್: ಕೋಚಿಂಗ್, ಆಟಗಾರರ ಆಯ್ಕೆ ಮತ್ತು ತಂಡದ ಗೆಲುವು – ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ಮಕ್ಕಳನ್ನು ಬೇಸ್‌ಬಾಲ್‌ಗೆ ಹಾಕಿರುವ ಕನ್ನಡದ ಮನೆಗಳಿಂದಲೂ ಜೂನ್ ತಿಂಗಳಲ್ಲಿ ಒಮಾಹಾ ಪಂದ್ಯಗಳನ್ನು ನೋಡಿ ಕುತೂಹಲಗೊಂಡವರಿಂದಲೂ ಬರುವ ಪ್ರಶ್ನೆಗಳಿವು. ಉತ್ತರಗಳಲ್ಲಿರುವ ನಿಯಮಗಳು ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆಯಾದ ಎನ್‌ಸಿಎಎಯ ಅತಿ ಮೇಲಿನ ಹಂತ, ಅಂದರೆ ಮೊದಲ ಡಿವಿಷನ್‌ನವು. ಬೇರೆ ಹಂತದ ಮಾತು ಬಂದಲ್ಲಿ ಹಾಗೆಂದು ಹೇಳಿದ್ದೇವೆ.

## ಮೊದಲು ತಿಳಿಯಬೇಕಾದದ್ದು

ಕಾಲೇಜು ಬೇಸ್‌ಬಾಲ್‌ನಲ್ಲಿ "ಒಳ್ಳೆ ಪ್ರೋಗ್ರಾಂ" ಅಂತ ಯಾವುದನ್ನ ಕರೀತಾರೆ?

ಮೊದಲ ಡಿವಿಷನ್‌ನಲ್ಲಿ ಸುಮಾರು 300 ತಂಡಗಳಿವೆ. ಫೆಬ್ರುವರಿ ನಡುವಿನಿಂದ ಮೇ ತನಕ ಒಂದು ತಂಡ ಹೆಚ್ಚೆಂದರೆ 56 ಪಂದ್ಯ ಆಡಬಹುದು. ಆಮೇಲೆ 64 ತಂಡಗಳ ಟೂರ್ನಿ. ಮೊದಲ ಹಂತವಾದ ರೀಜನಲ್‌ಗೆ 16 ಊರುಗಳಲ್ಲಿ ನಾಲ್ಕು ನಾಲ್ಕು ತಂಡ ಸೇರುತ್ತವೆ, ಎರಡು ಸಲ ಸೋತವರು ಮನೆಗೆ. ಉಳಿದ 16 ತಂಡಗಳು ಜೋಡಿಯಾಗಿ ಮೂರು ಪಂದ್ಯಗಳ ಸೂಪರ್ ರೀಜನಲ್ ಆಡುತ್ತವೆ. ಅಲ್ಲಿ ಗೆದ್ದ ಎಂಟು ತಂಡಗಳು ನೆಬ್ರಾಸ್ಕಾದ ಒಮಾಹಾಗೆ ಹೋಗುತ್ತವೆ. ಈ ಕೊನೆಯ ಸುತ್ತಾದ ಕಾಲೇಜ್ ವರ್ಲ್ಡ್ ಸೀರೀಸ್ 1950ರಿಂದ ಅಲ್ಲೇ ನಡೆಯುತ್ತಿದೆ. ಕೋವಿಡ್‌ನಿಂದಾಗಿ 2020ರಲ್ಲಿ ಮಾತ್ರ ನಡೆಯಲಿಲ್ಲ.

ಒಮ್ಮೆ ಒಮಾಹಾ ಮುಟ್ಟಿದ ತಂಡವನ್ನು ಒಳ್ಳೆ ಪ್ರೋಗ್ರಾಂ ಅಂತ ಯಾರೂ ಕರೆಯುವುದಿಲ್ಲ. ಆಟಗಾರರು ಬಂದು ಹೋಗುತ್ತಿದ್ದರೂ ವರ್ಷ ವರ್ಷವೂ 64ರೊಳಗೆ ಇರುವುದು, ಆಗಾಗ ಮೊದಲ 16ರಲ್ಲಿ ಬಂದು ತನ್ನ ಮೈದಾನದಲ್ಲೇ ರೀಜನಲ್ ಆಡಿಸುವುದು, ಅದು ನಿಜವಾದ ಅಳತೆ.

ಕೋಚ್ ಮುಖ್ಯನಾ, ಒಳ್ಳೆ ಹುಡುಗರು ಸಿಗೋದು ಮುಖ್ಯನಾ?

ತಾನು ಕಲಿಸಬಲ್ಲಂಥ ಆಟಗಾರನನ್ನೇ ಹುಡುಕಿ ತರುವ ತಂಡ ಗೆಲ್ಲುತ್ತದೆ. ಈ ಪುಟದ ಉಳಿದ ಉತ್ತರಗಳೆಲ್ಲ ಈ ಮಾತಿನ ವಿವರಣೆಯೇ.

ಪಾಲ್ ಸ್ಕೀನ್ಸ್ ಉದಾಹರಣೆ ತೆಗೆದುಕೊಳ್ಳಿ. ಆತ ಏರ್‌ಫೋರ್ಸ್ ಅಕಾಡೆಮಿಯಲ್ಲಿ ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವ) ಆಗಿಯೂ ಪಿಚರ್ (ಚೆಂಡು ಎಸೆಯುವವ) ಆಗಿಯೂ ಆಡುತ್ತಿದ್ದ. 2022ರಲ್ಲಿ ಲೂಯಿಸಿಯಾನಾ ಸ್ಟೇಟ್‌ಗೆ, ಅಂದರೆ ಎಲ್‌ಎಸ್‌ಯುಗೆ ಬಂದ. ಅದೇ ಬೇಸಿಗೆಯಲ್ಲಿ ಹೆಡ್ ಕೋಚ್ ಜೇ ಜಾನ್ಸನ್ ಅವರು ವೃತ್ತಿಪರ ಮೇಜರ್ ಲೀಗ್‌ನ ಮಿನೆಸೋಟಾ ಟ್ವಿನ್ಸ್ ತಂಡದ ಪಿಚಿಂಗ್ ಕೋಚ್ ವೆಸ್ ಜಾನ್ಸನ್ ಅವರನ್ನು ಸೀಸನ್ ನಡುವೆಯೇ ಕರೆತಂದಿದ್ದರು. ಎಲ್‌ಎಸ್‌ಯುನಲ್ಲಿ ಸ್ಕೀನ್ಸ್ ಪಿಚಿಂಗ್‌ಗೇ ಮೀಸಲಾದ, ವೇಗ ಗಂಟೆಗೆ 100 ಮೈಲಿ ದಾಟಿತು. 2023ರಲ್ಲಿ 209 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್) ಪಡೆದ, ತಂಡ ಚಾಂಪಿಯನ್ ಆಯಿತು, ಮೇಜರ್ ಲೀಗ್ ತಂಡಗಳು ಸರದಿಯಲ್ಲಿ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಈತನದೇ ಮೊದಲ ಹೆಸರು. ಆತನಲ್ಲಿ ಪ್ರತಿಭೆ ಮೊದಲೇ ಇತ್ತು, ನಿಜ. ಆದರೆ ಅದಕ್ಕೆ ತಕ್ಕ ಕೋಚ್ ಅಲ್ಲಿ ಕಾದಿದ್ದರು ಎಂಬುದನ್ನು ಬಿಟ್ಟು ಆ ವರ್ಷದ ಗೆಲುವನ್ನು ವಿವರಿಸಲಾಗದು.

ಕೋಚಿಂಗ್ ಸ್ಟಾಫ್‌ನಲ್ಲಿ ಯಾರು ಏನು ಮಾಡ್ತಾರೆ?

ಒಬ್ಬ ಹೆಡ್ ಕೋಚ್, ಮೂವರು ಅಸಿಸ್ಟೆಂಟ್‌ಗಳು. 2023ರ ಜುಲೈವರೆಗೆ ಸಂಬಳದ ಅಸಿಸ್ಟೆಂಟ್‌ಗಳು ಇಬ್ಬರೇ, ಮೂರನೆಯವರು ಸಂಬಳವಿಲ್ಲದ ವಾಲಂಟಿಯರ್. ಈಗ ಮೂರನೆಯವರಿಗೂ ಸಂಬಳ ಕೊಡಬಹುದು. ಸಾಮಾನ್ಯವಾಗಿ ಒಬ್ಬರಿಗೆ ಪಿಚಿಂಗ್, ಒಬ್ಬರಿಗೆ ಬ್ಯಾಟಿಂಗ್, ಇನ್ನೊಬ್ಬರಿಗೆ ಕ್ಯಾಚರ್ ಅಥವಾ ಇನ್‌ಫೀಲ್ಡ್ (ಬೇಸ್‌ಗಳ ಸುತ್ತಲಿನ ಫೀಲ್ಡಿಂಗ್). ಇವರಲ್ಲೇ ಒಬ್ಬರು ಆಟಗಾರರನ್ನು ಹುಡುಕುವ ಹೊಣೆಯ ರಿಕ್ರೂಟಿಂಗ್ ಕೋಆರ್ಡಿನೇಟರ್ ಆಗಿರುತ್ತಾರೆ. ಬೇಸಿಗೆಯಲ್ಲಿ ಅವರನ್ನು ಕಾಲೇಜಿನಲ್ಲಿ ಹುಡುಕಿದರೆ ಸಿಗುವುದಿಲ್ಲ, ಯಾವುದೋ ಹೈಸ್ಕೂಲ್ ಟೂರ್ನಿಯ ಬೇಲಿ ಹಿಂದೆ ವೇಗ ಅಳೆಯುವ ರೇಡಾರ್ ಗನ್ ಹಿಡಿದು ನಿಂತಿರುತ್ತಾರೆ.

ಒಬ್ಬ ಸೂಪರ್ ಪಿಚರ್ ಇದ್ದರೆ ಸಾಕಲ್ವಾ?

ಸಾಲದು. ವಾರಾಂತ್ಯದಲ್ಲಿ ಒಂದೇ ಎದುರಾಳಿಯ ಜೊತೆ ಶುಕ್ರ, ಶನಿ, ಭಾನು ಹೀಗೆ ಮೂರು ಪಂದ್ಯ, ಬಹಳ ಸಲ ಮಂಗಳವಾರ ಇನ್ನೊಂದು. ಶುಕ್ರವಾರ 100 ಎಸೆತ ಹಾಕಿದವನು ಮುಂದಿನ ಶುಕ್ರವಾರದವರೆಗೆ ಪಂದ್ಯಕ್ಕೆ ಇಲ್ಲ ಅಂತಲೇ ಲೆಕ್ಕ. ಅಂದರೆ ಮೂವರು ಆರಂಭಿಕ ಪಿಚರ್‌ಗಳು, ವಾರದ ನಡುವಿನ ಪಂದ್ಯಕ್ಕೆ ಒಬ್ಬ, ಬುಲ್‌ಪೆನ್‌ನಲ್ಲಿ (ಬದಲಿ ಪಿಚರ್‌ಗಳು ಬಿಸಿಯಾಗುವ ಜಾಗ) ನಂಬಬಹುದಾದ ಐದಾರು ಮಂದಿ ಬೇಕು. 34 ಜನರ ತಂಡದಲ್ಲಿ ಅರ್ಧದಷ್ಟು ಪಿಚರ್‌ಗಳೇ ಇರುವುದು ಇದಕ್ಕೆ.

2023ರ ಫೈನಲ್ ನೋಡಿ. ಫ್ಲೋರಿಡಾ ವಿರುದ್ಧ ಮೂರು ಪಂದ್ಯಗಳಲ್ಲಿ ಸ್ಕೀನ್ಸ್ ಒಂದು ಎಸೆತವನ್ನೂ ಹಾಕಲಿಲ್ಲ. ಸೆಮಿಫೈನಲ್‌ನಲ್ಲಿ ವೇಕ್ ಫಾರೆಸ್ಟ್ ವಿರುದ್ಧ ಎಂಟು ಇನ್ನಿಂಗ್ಸ್ ಮುಗಿಸಿ ಬಂದಿದ್ದ. ಫೈನಲ್‌ನ ಮೊದಲ ಪಂದ್ಯದಲ್ಲಿ ಟೈ ಫ್ಲಾಯ್ಡ್ 17 ಸ್ಟ್ರೈಕ್‌ಔಟ್ ಪಡೆದು ಎಲ್‌ಎಸ್‌ಯು ಗೆದ್ದಿತು. ಎರಡನೆಯದರಲ್ಲಿ 24–4ರಿಂದ ಹೀನಾಯ ಸೋಲು. ಮರುದಿನ ಯುಸಿಎಲ್‌ಎಯಿಂದ ವರ್ಗವಾಗಿ ಬಂದಿದ್ದ ಥ್ಯಾಚರ್ ಹರ್ಡ್ ಪಿಚಿಂಗ್ ಆರಂಭಿಸಿದ, 18–4ರ ಗೆಲುವು. ಎಲ್ಲರಿಗಿಂತ ದೊಡ್ಡ ಪಿಚರ್ ಕೂತಿದ್ದಾಗಲೂ ಕಪ್ ಗೆಲ್ಲಲು ಬೇಕಾದ ಆಳ ಆ ತಂಡಕ್ಕಿತ್ತು.

## ಆಯ್ಕೆ, ಹಣ, ವರ್ಗಾವಣೆ

ನಮ್ಮ ಹುಡುಗ 9ನೇ ಕ್ಲಾಸು. ಕೋಚ್‌ಗೆ ಮೇಲ್ ಮಾಡಿದೆವು, ಉತ್ತರವೇ ಇಲ್ಲ. ಇಷ್ಟ ಇಲ್ಲ ಅಂತಲೇ?

ಅಲ್ಲ. ಹೈಸ್ಕೂಲಿನ 11ನೇ ತರಗತಿಗೆ ಕಾಲಿಡುವ ಮುನ್ನಿನ ಆಗಸ್ಟ್ 1ರವರೆಗೆ ಕೋಚ್ ಕರೆ ಮಾಡುವಂತಿಲ್ಲ, ಮೆಸೇಜ್ ಕಳಿಸುವಂತಿಲ್ಲ, ರಿಕ್ರೂಟಿಂಗ್ ಬಗ್ಗೆ ಉತ್ತರಿಸುವಂತಿಲ್ಲ. ಕ್ಯಾಂಪ್‌ನ ಮಾಹಿತಿ, ಪ್ರಶ್ನಾವಳಿ ಕಳಿಸಬಹುದು, ಅಷ್ಟೇ. ನೀವು ಮೇಲ್ ಮಾಡಲು ಅಡ್ಡಿಯಿಲ್ಲ, ಅವರು ಓದುತ್ತಾರೆ.

ಆ ಮೇಲ್ ಅನ್ನು ಅಪ್ಪ ಅಮ್ಮ ಬರೆಯಬಾರದು, ಹುಡುಗನೇ ಬರೆಯಬೇಕು. ವಿಷಯದ ಸಾಲಿನಲ್ಲಿ ಹೆಸರು, ಪದವಿ ಮುಗಿಸುವ ವರ್ಷ, ಆಡುವ ಜಾಗ, ರಾಜ್ಯ. ಒಳಗೆ ಎತ್ತರ, ತೂಕ, ಜಿಪಿಎ, ಎರಡು ನಿಮಿಷ ಮೀರದ ವಿಡಿಯೊ ಕೊಂಡಿ, ಮುಂದಿನ ಟೂರ್ನಿಯ ದಿನಾಂಕ ಮತ್ತು ಮೈದಾನ. ಬಹುಪಾಲು ಮನೆಯವರು ಮರೆಯುವುದು ಈ ಕೊನೆಯ ಸಾಲನ್ನೇ. ಕೋಚ್‌ಗೆ ಹುಡುಗನನ್ನು ಎಲ್ಲಿ ನೋಡಬೇಕೆಂದು ಗೊತ್ತಾಗದಿದ್ದರೆ ಉಳಿದದ್ದೆಲ್ಲ ವ್ಯರ್ಥ.

ಓದಿನ ಕಡೆ ಒಂದು ಎಚ್ಚರ: ಅರ್ಹತೆಗೆ ಹೈಸ್ಕೂಲಿನ 16 ಕೋರ್ (ಮುಖ್ಯ ವಿಷಯಗಳ) ಕೋರ್ಸ್‌ಗಳು, ಅವುಗಳಲ್ಲಿ ಕನಿಷ್ಠ 2.3 ಜಿಪಿಎ ಬೇಕು. ಆ 16ರಲ್ಲಿ 10 ಕೋರ್ಸ್‌ಗಳನ್ನು 12ನೇ ತರಗತಿ ಶುರುವಾಗುವ ಮುನ್ನವೇ ಮುಗಿಸಿರಬೇಕು.

ಶೋಕೇಸ್‌ನಲ್ಲಿ ಏನನ್ನು ಅಳೀತಾರೆ? ಅಷ್ಟು ದುಡ್ಡು ಕೊಡೋದು ಸಾರ್ಥಕವೇ?

ಶೋಕೇಸ್ ಅಂದರೆ ಹಣ ಕಟ್ಟಿ ಕೋಚ್‌ಗಳ ಮುಂದೆ ಆಟ ತೋರಿಸುವ ಕಾರ್ಯಕ್ರಮ. ಅಲ್ಲಿ ಅಳೆಯುವುದು 60 ಗಜದ ಓಟ, ಬ್ಯಾಟ್‌ನಿಂದ ಚೆಂಡು ಹೊರಡುವ ವೇಗ, ತಾನು ಆಡುವ ಜಾಗದಿಂದ ಎಸೆಯುವ ವೇಗ. ಕ್ಯಾಚರ್‌ಗಳಿಗೆ "ಪಾಪ್ ಟೈಮ್", ಅಂದರೆ ಚೆಂಡು ಗ್ಲೌಸ್‌ಗೆ ಬಿದ್ದ ಕ್ಷಣದಿಂದ ಎರಡನೇ ಬೇಸ್‌ನವನ ಕೈ ಸೇರುವವರೆಗಿನ ಸಮಯ. ದೊಡ್ಡ ಕಾನ್ಫರೆನ್ಸ್‌ಗಳ (ಕಾಲೇಜುಗಳ ಲೀಗ್ ಗುಂಪುಗಳು) ಕಣ್ಣಿಗೆ ಬೀಳಲು ಪಾಪ್ ಟೈಮ್ 2 ಸೆಕೆಂಡಿನ ಆಸುಪಾಸು, ಶಾರ್ಟ್‌ಸ್ಟಾಪ್‌ನ (ಎರಡನೇ, ಮೂರನೇ ಬೇಸ್ ನಡುವಿನ ಫೀಲ್ಡರ್) ಓಟ 6.8 ಸೆಕೆಂಡಿನ ಸುತ್ತ, ಪಿಚರ್ ವೇಗ ಗಂಟೆಗೆ 90 ಮೈಲಿ (ಸುಮಾರು 145 ಕಿ.ಮೀ.) ಹತ್ತಿರ ಇರಬೇಕು.

ಅಂಕಿಗಳು ಈ ಮಟ್ಟಕ್ಕೆ ಬರುವ ಮುನ್ನ ಶೋಕೇಸ್‌ಗೆ ಹೋಗುವುದು ಹಣ ಕಳೆದುಕೊಳ್ಳುವ ದಾರಿ ಎಂದೇ ನಮ್ಮ ಅಭಿಪ್ರಾಯ. 15ರ ವಯಸ್ಸಿನಲ್ಲಿ ದಾಖಲಾದ ಕಡಿಮೆ ವೇಗ ಇಂಟರ್ನೆಟ್‌ನಲ್ಲಿ ಹಾಗೇ ಉಳಿಯುತ್ತದೆ. ಆ ಹಣವನ್ನು ಚಳಿಗಾಲದ ಶಕ್ತಿ ತರಬೇತಿಗೆ ಹಾಕಿ, ಓದಲು ಇಷ್ಟವಿರುವ ಎರಡು ಮೂರು ಕಾಲೇಜುಗಳ ಸ್ವಂತ ಕ್ಯಾಂಪ್‌ಗೆ ಹೋಗುವುದು ಮೇಲು. ಅಲ್ಲಿ ಆಯ್ಕೆ ಮಾಡುವ ಕೋಚ್‌ಗಳೇ ಚೆಂಡು ಹೊಡೆದು ಆಡಿಸುತ್ತಾರೆ. ತಪ್ಪು ಮಾಡಿದ ಮೇಲೆ ಹುಡುಗ ಹೇಗೆ ನಡೆದುಕೊಳ್ಳುತ್ತಾನೆ ಎಂಬುದೂ ಅವರ ಕಣ್ಣಿಗೆ ಬೀಳುತ್ತದೆ.

ಸ್ಕಾಲರ್‌ಶಿಪ್ ಸಿಕ್ಕರೆ ಪೂರ್ತಿ ಫೀಸ್ ಮಾಫಿನಾ?

ಬೇಸ್‌ಬಾಲ್‌ನಲ್ಲಿ ಅಪರೂಪ. ದಶಕಗಳ ಕಾಲ ಒಂದು ತಂಡಕ್ಕೆ ಒಟ್ಟು 11.7 ಸ್ಕಾಲರ್‌ಶಿಪ್‌ಗಳ ಮಿತಿಯಿತ್ತು. ಅದನ್ನು 27 ಜನರವರೆಗೆ ಹಂಚಬಹುದಿತ್ತು, ಅಂದರೆ ಸರಾಸರಿ ತಲೆಗೆ ಶೇ. 43. ವರ್ಷಕ್ಕೆ 40,000 ಡಾಲರ್ ಖರ್ಚಿನ ಕಾಲೇಜಿನಲ್ಲಿ ಶೇ. 40 ಸಿಕ್ಕರೆ 16,000 ಕಳೆದು ಉಳಿದ 24,000 ಮನೆಯವರದೇ.

ಆಟಗಾರರು ಎನ್‌ಸಿಎಎ ಮೇಲೆ ಹೂಡಿದ್ದ ಹೌಸ್ ಮೊಕದ್ದಮೆಯ ಒಪ್ಪಂದಕ್ಕೆ ನ್ಯಾಯಾಲಯ 2025ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಅದನ್ನು ಒಪ್ಪಿಕೊಂಡ ಕಾಲೇಜುಗಳಿಗೆ 2025–26ರಿಂದ ಸ್ಕಾಲರ್‌ಶಿಪ್ ಮಿತಿ ಇಲ್ಲ, ಬದಲಿಗೆ ತಂಡದಲ್ಲಿ 34 ಜನರ ಮಿತಿ. 34 ಜನಕ್ಕೂ ಪೂರ್ತಿ ಕೊಡಲು ಅವಕಾಶವಿದೆ, ಕೊಡಲೇಬೇಕೆಂದಿಲ್ಲ. ಆದ್ದರಿಂದ ಕೋಚ್ ಬಳಿ "ಸ್ಕಾಲರ್‌ಶಿಪ್ ಇದೆಯಾ?" ಅಂತ ಕೇಳಬೇಡಿ. "ನಾಲ್ಕು ವರ್ಷಕ್ಕೂ ಎಷ್ಟು, ಬರಹದಲ್ಲಿ ಕೊಡುತ್ತೀರಾ?" ಅಂತ ಕೇಳಿ. ಓದಿನ ಮೇಲೆ, ಆದಾಯದ ಮೇಲೆ ಸಿಗುವ ನೆರವು ಬೇರೆ. ಕನ್ನಡದ ಮನೆಗಳ ಬಹಳಷ್ಟು ಮಕ್ಕಳಿಗೆ ಒಳ್ಳೆಯ ಅಂಕಗಳಿಂದ ಸಿಗುವ ಹಣ ಬೇಸ್‌ಬಾಲ್ ಹಣಕ್ಕಿಂತ ದೊಡ್ಡದಾಗಿರುತ್ತದೆ. ಮೂರನೇ ಡಿವಿಷನ್‌ನಲ್ಲಂತೂ ಕ್ರೀಡಾ ಸ್ಕಾಲರ್‌ಶಿಪ್ಪೇ ಇಲ್ಲ, ಅಲ್ಲಿ ಸಿಗುವುದೆಲ್ಲ ಓದಿನ ಮತ್ತು ಆದಾಯದ ನೆರವು.

ಮಗನದು ಎಚ್-4 ವೀಸಾ. ಆಡಬಹುದಾ? ಸ್ಪಾನ್ಸರ್ ದುಡ್ಡು ತಗೋಬಹುದಾ?

ಆಡಬಹುದು, ಸ್ಕಾಲರ್‌ಶಿಪ್ಪೂ ಪಡೆಯಬಹುದು. ಆದರೆ 2021ರ ಜುಲೈನಿಂದ ಆಟಗಾರರು ತಮ್ಮ ಹೆಸರು ಮತ್ತು ಚಿತ್ರದ ಬಳಕೆಗೆ ಪಡೆಯುತ್ತಿರುವ ಹಣದ ವಿಷಯದಲ್ಲಿ ಜಾಗ್ರತೆ ಬೇಕು. ಎಚ್-4 (ಎಚ್-1ಬಿ ವೀಸಾದವರ ಅವಲಂಬಿತರದು), ಎಫ್-1 (ವಿದ್ಯಾರ್ಥಿ ವೀಸಾ) ಎರಡರಲ್ಲೂ ದುಡಿಮೆಗೆ ನಿರ್ಬಂಧವಿದೆ, ಜಾಹೀರಾತಿಗೆ ಪಡೆದ ಹಣವನ್ನು ದುಡಿಮೆ ಎಂದು ಪರಿಗಣಿಸಿದರೆ ವೀಸಾಕ್ಕೇ ಕುತ್ತು. ಯಾವುದಕ್ಕೂ ಸಹಿ ಹಾಕುವ ಮುನ್ನ ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯನ್ನೂ ವಲಸೆ ವಕೀಲರನ್ನೂ ಕೇಳಿ. 21 ತುಂಬಿದಾಗ ಎಚ್-4 ಮುಗಿಯುತ್ತದೆ, ಎಫ್-1ಗೆ ಬದಲಾಯಿಸುವ ಕೆಲಸವನ್ನು ಅದಕ್ಕೆ ಮೊದಲೇ ಶುರು ಮಾಡಿ.

ಪೋರ್ಟಲ್ ಬಂದ ಮೇಲೆ ಹೈಸ್ಕೂಲ್ ಹುಡುಗರನ್ನು ಯಾರು ಕೇಳ್ತಾರೆ?

ಕೇಳುವವರು ಕಡಿಮೆಯಾಗಿದ್ದಾರೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಕಾಲೇಜು ಬದಲಿಸಲು ಬಯಸುವ ಆಟಗಾರರು ಹೆಸರು ದಾಖಲಿಸುವ ಟ್ರಾನ್ಸ್‌ಫರ್ ಪೋರ್ಟಲ್ ಶುರುವಾದದ್ದು 2018ರಲ್ಲಿ. 2021ರಿಂದ ಒಮ್ಮೆ, 2024ರಿಂದ ಎಷ್ಟು ಸಲವಾದರೂ ಒಂದು ವರ್ಷ ಹೊರಗೆ ಕೂರದೆ ಕಾಲೇಜು ಬದಲಿಸಬಹುದು, ಓದಿನ ಅರ್ಹತೆಯೊಂದಿದ್ದರೆ ಸಾಕು. 22ರ ಅನುಭವಿ ಸಿಗುವಾಗ 18ರ ಹುಡುಗನಿಗಾಗಿ ಎರಡು ವರ್ಷ ಕಾಯಲು ಕೋಚ್‌ಗೆ ಧೈರ್ಯ ಬೇಕು.

ಆದರೂ ಪೋರ್ಟಲ್ ಒಂದನ್ನೇ ನೆಚ್ಚಿದ ತಂಡ ಪ್ರತಿ ಬೇಸಿಗೆ ಹೊಸದಾಗಿ ಕಟ್ಟಬೇಕಾಗುತ್ತದೆ. ಚಾಂಪಿಯನ್ ತಂಡಗಳಲ್ಲಿ ಮಿಶ್ರಣ ಕಾಣುತ್ತದೆ. 2025ರ ಎಲ್‌ಎಸ್‌ಯು ತಂಡದ ಕೇಡ್ ಆ್ಯಂಡರ್ಸನ್ ಅಲ್ಲೇ ಬೆಳೆದ ಪಿಚರ್, ಫೈನಲ್‌ನ ಮೊದಲ ಪಂದ್ಯವನ್ನು ಒಬ್ಬನೇ ಪೂರ್ತಿ ಎಸೆದು 1–0ರಿಂದ ಗೆಲ್ಲಿಸಿದ. ಎರಡನೇ ಪಂದ್ಯಕ್ಕಿಳಿದ ಆಂಥನಿ ಐಯಾನ್ಸನ್ ಯುಸಿ ಸ್ಯಾನ್ ಡಿಯೇಗೊದಿಂದ ವರ್ಗವಾಗಿ ಬಂದವನು.

ಎರಡು ವರ್ಷದ ಜೂನಿಯರ್ ಕಾಲೇಜುಗಳ ದಾರಿಯನ್ನು ನಮ್ಮವರು ಕೀಳಾಗಿ ನೋಡುತ್ತಾರೆ. ಹಾಗೆ ನೋಡಬೇಕಾದ್ದಿಲ್ಲ. 2022ರಲ್ಲಿ ಮಿಸಿಸಿಪಿಯ ಓಲ್ ಮಿಸ್ ತಂಡ 64ರಲ್ಲಿ ಕೊನೆಯದಾಗಿ ಜಾಗ ಪಡೆದು ಚಾಂಪಿಯನ್ ಆದಾಗ ಒಮಾಹಾದ ಶ್ರೇಷ್ಠ ಆಟಗಾರ ಡಿಲನ್ ಡೆಲೂಸಿಯಾ. ಆತ ಹಿಂದಿನ ವರ್ಷ ಜೂನಿಯರ್ ಕಾಲೇಜಿನಲ್ಲಿದ್ದ.

ಸೇರಿಸಿಕೊಂಡ ಹುಡುಗನನ್ನೇ ಕೋಚ್ ಕೈಬಿಡ್ತಾರಂತೆ, ನಿಜವಾ?

ನಿಜ, ಅದಕ್ಕೆ ಮೇಜರ್ ಲೀಗ್ ಡ್ರಾಫ್ಟ್ ಒಂದು ಕಾರಣ. 20 ಸುತ್ತುಗಳ ಡ್ರಾಫ್ಟ್ ನಡೆಯುವುದು ಜುಲೈನಲ್ಲಿ. ಹೈಸ್ಕೂಲ್ ಮುಗಿಸಿದವರೂ, ನಾಲ್ಕು ವರ್ಷದ ಕಾಲೇಜಿನಲ್ಲಿ ಮೂರು ವರ್ಷ ಮುಗಿಸಿದವರೂ ಅಥವಾ 21 ತುಂಬಿದವರೂ ಅದರಲ್ಲಿ ಆಯ್ಕೆಯಾಗಬಹುದು. ಯಾರು ಹಣ ತೆಗೆದುಕೊಂಡು ಹೊರಡುತ್ತಾರೆ, ಯಾರು ಉಳಿಯುತ್ತಾರೆ ಎಂಬುದು ಕಾಲೇಜು ಶುರುವಾಗುವ ಮೂರು ವಾರ ಮೊದಲಷ್ಟೇ ತಿಳಿಯುತ್ತದೆ. ಆದ್ದರಿಂದ ಕೋಚ್‌ಗಳು ಬೇಕಾದ್ದಕ್ಕಿಂತ ಹೆಚ್ಚು ಜನಕ್ಕೆ ಮಾತು ಕೊಟ್ಟಿರುತ್ತಾರೆ. ನಿರೀಕ್ಷಿಸಿದಷ್ಟು ಜನ ಹೋಗದಿದ್ದರೆ ತಂಡ ತುಂಬಿ ತುಳುಕುತ್ತದೆ. 34ರ ಮಿತಿಗೆ ಇಳಿಯಲು ಡಿಸೆಂಬರ್ 1 ಗಡುವು. ಶರತ್ಕಾಲದ ಅಭ್ಯಾಸ ಮುಗಿದ ಮೇಲೆ ಪಟ್ಟಿಯ ಕೊನೆಯ ಹುಡುಗರಿಗೆ ಜಾಗ ಇಲ್ಲ ಅಂತ ಹೇಳುತ್ತಾರೆ. ಸೆಮಿಸ್ಟರ್ ನಡುವೆ ಇದನ್ನು ಕೇಳುವ 18ರ ಹುಡುಗನ ಮನಸ್ಸಿನ ಮೇಲೆ ಆಗುವ ಪೆಟ್ಟು ಸಣ್ಣದಲ್ಲ. ಎಷ್ಟು ಜನಕ್ಕೆ ಮಾತು ಕೊಟ್ಟಿದ್ದೇವೆ ಎಂದು ಮೊದಲೇ ಹೇಳುವ ಕೋಚ್‌ಗಳೂ ಇದ್ದಾರೆ. ಅಂಥವರನ್ನು ಹುಡುಕಿಕೊಳ್ಳಿ.

## ತರಬೇತಿಯ ಒಳಗೆ

ಪಿಚರ್‌ನ ಒಂದು ವಾರ ಹೇಗಿರುತ್ತೆ?

ಶುಕ್ರವಾರ ಆಡಿದವನಿಗೆ ಶನಿವಾರ ಓಟ, ಮೈ ಸಡಿಲಿಸುವುದು, ಹಗುರ ಎಸೆತ. ಭಾನುವಾರ ತೂಕ ಎತ್ತುವುದು. ಸೋಮವಾರ ರಜೆ ಅಥವಾ ದೂರದ ಎಸೆತ. ಮಂಗಳವಾರ ಬುಲ್‌ಪೆನ್‌ನಲ್ಲಿ 25ರಿಂದ 35 ಎಸೆತ, ಅದರಲ್ಲಿ ಒಂದೇ ಒಂದು ವಿಷಯದ ಮೇಲೆ ಗಮನ: ಸ್ಲೈಡರ್ (ಕೊನೆಯಲ್ಲಿ ಪಕ್ಕಕ್ಕೆ ತಿರುಗುವ ಎಸೆತ) ಬೀಳುವ ಜಾಗವೋ, ಓಡಲು ಕಾದಿರುವವನು ಬೇಸ್ ಮೇಲಿದ್ದಾಗ 1.3 ಸೆಕೆಂಡಿನೊಳಗೆ ಎಸೆತ ಮುಗಿಸುವುದೋ. ಬುಧ, ಗುರು ಹಗುರ. ಇದು ಒಂದು ಮಾದರಿ, ಕೋಚ್‌ನಿಂದ ಕೋಚ್‌ಗೆ ದಿನಗಳು ಅದಲು ಬದಲಾಗುತ್ತವೆ.

ಸೀಸನ್‌ನಲ್ಲಿ ಕಡ್ಡಾಯ ಅಭ್ಯಾಸಕ್ಕೆ ವಾರಕ್ಕೆ 20 ಗಂಟೆ ಮಿತಿ, ಒಂದು ದಿನ ರಜೆ. ಪಂದ್ಯ ನಾಲ್ಕು ಗಂಟೆ ನಡೆದರೂ ಲೆಕ್ಕಕ್ಕೆ ಮೂರೇ. ಉಳಿದ ಸಮಯವನ್ನು ಆಟಗಾರ ಸ್ವಂತ ಇಷ್ಟದಿಂದ ಎಷ್ಟು ಕೊಡುತ್ತಾನೆ ಎಂಬುದರ ಮೇಲೆ ಬೆಳವಣಿಗೆ ನಿಂತಿದೆ. ಆಯ್ಕೆಯ ವೇಳೆ ಸ್ವಭಾವ ನೋಡುವುದು ಇದಕ್ಕೇ.

ಕಾಲೇಜಿನಲ್ಲಿ ತೋಳು ಹಾಳು ಮಾಡ್ತಾರೆ ಅಂತ ಹೆದರಿಕೆ. ಎಲ್ಲಿ ತಪ್ಪಾಗುತ್ತೆ?

ಪಂದ್ಯದ ಎಸೆತಗಳನ್ನು ಎಲ್ಲರೂ ಎಣಿಸುತ್ತಾರೆ. ತಪ್ಪಾಗುವುದು ಎಣಿಸದ ಎಸೆತಗಳಲ್ಲಿ. ಆರನೇ ಇನ್ನಿಂಗ್ಸ್‌ನಲ್ಲಿ ರಿಲೀವರ್‌ನನ್ನು (ನಡುವೆ ಬದಲಿಯಾಗಿ ಬರುವ ಪಿಚರ್) ಎಬ್ಬಿಸಿ 25 ಎಸೆತ ಬಿಸಿ ಮಾಡಿಸುತ್ತಾರೆ, ಕರೆಯುವುದಿಲ್ಲ. ಎಂಟನೆಯದರಲ್ಲಿ ಮತ್ತೆ ಎಬ್ಬಿಸುತ್ತಾರೆ, ಮತ್ತೆ 20. ಸ್ಕೋರ್ ಪಟ್ಟಿಯಲ್ಲಿ ಆತ ಆ ದಿನ ಆಡಿಯೇ ಇಲ್ಲ. ಮರುದಿನ "ನಿನ್ನೆ ವಿಶ್ರಾಂತಿಯಲ್ಲಿದ್ದ" ಅಂತ ಎರಡು ಇನ್ನಿಂಗ್ಸ್ ಹಾಕಿಸುತ್ತಾರೆ. ಒಳ್ಳೆಯ ಸ್ಟಾಫ್ ಬುಲ್‌ಪೆನ್‌ನಲ್ಲಿ ಒಬ್ಬರನ್ನು ಕೂರಿಸಿ ಬಿಸಿ ಮಾಡಿದ ಎಸೆತಗಳನ್ನೂ ಬರೆಸುತ್ತದೆ.

ಎರಡು ಸಲ ಸೋತರೆ ಹೊರಬೀಳುವ ರೀಜನಲ್‌ನಲ್ಲಿ ಅಪಾಯ ಇನ್ನೂ ಹೆಚ್ಚು. ಶುಕ್ರವಾರ ಎಸೆದವನನ್ನು ಸೋಮವಾರ ಮತ್ತೆ ಕರೆಯುವ ಆಸೆ ಹುಟ್ಟುತ್ತದೆ. ಮೊಣಕೈ ಲಿಗಮೆಂಟ್ ಹರಿದು ಟಾಮಿ ಜಾನ್ ಶಸ್ತ್ರಚಿಕಿತ್ಸೆಯಾದರೆ ಪಂದ್ಯಕ್ಕೆ ಮರಳಲು 12ರಿಂದ 18 ತಿಂಗಳು. ಒಂದು ಕಾಲೇಜಿನ ಹಿಂದಿನ ಮೂರು ವರ್ಷಗಳ ಪಿಚರ್‌ಗಳ ಪಟ್ಟಿ ತೆಗೆದು, ಎಷ್ಟು ಜನ ಇಡೀ ಸೀಸನ್ ಆಡಿಲ್ಲ ನೋಡಿ. ಅದು ಸಾರ್ವಜನಿಕ ಮಾಹಿತಿ, ಯಾವ ಭರವಸೆಗಿಂತಲೂ ನಂಬಬಹುದಾದದ್ದು.

ಕ್ಯಾಚರ್ ಪ್ರತಿ ಎಸೆತಕ್ಕೂ ಕೈಪಟ್ಟಿ ನೋಡ್ತಾನೆ, ಯಾಕೆ?

ಯಾವ ಎಸೆತ ಹಾಕಬೇಕೆಂದು ಬಹುಪಾಲು ತಂಡಗಳಲ್ಲಿ ಹೇಳುವುದು ಡಗ್‌ಔಟ್‌ನಲ್ಲಿರುವ (ಮೈದಾನದ ಪಕ್ಕ ತಂಡ ಕೂರುವ ಜಾಗ) ಕೋಚ್. ಅವರು ಮೂರು ಅಂಕಿಗಳನ್ನು ತೋರಿಸುತ್ತಾರೆ, ಕ್ಯಾಚರ್ ಮುಂಗೈಗೆ ಕಟ್ಟಿದ ಕಾರ್ಡ್‌ನಲ್ಲಿ ಆ ಅಂಕಿಯ ಸಾಲು ಹುಡುಕುತ್ತಾನೆ, ಅಲ್ಲಿ ಎಸೆತದ ಬಗೆಯೂ ಬೀಳಬೇಕಾದ ಜಾಗವೂ ಇರುತ್ತವೆ. ಎದುರಾಳಿ ಅರ್ಥ ಮಾಡಿಕೊಳ್ಳದಂತೆ ಕಾರ್ಡ್ ಬದಲಿಸುತ್ತಿರುತ್ತಾರೆ. 2022ರ ಸೀಸನ್‌ನಿಂದ ಡಗ್‌ಔಟ್‌ನಿಂದ ಮೈದಾನಕ್ಕೆ ಒಂದೇ ದಿಕ್ಕಿನಲ್ಲಿ ಸಂದೇಶ ಕಳಿಸುವ ಎಲೆಕ್ಟ್ರಾನಿಕ್ ಸಾಧನಕ್ಕೂ ಅನುಮತಿಯಿದೆ. ಇದರಿಂದ ಪಂದ್ಯ ಗೆಲ್ಲಬಹುದು, ಆದರೆ ಕ್ಯಾಚರ್ ಸ್ವತಃ ಯೋಚಿಸುವುದನ್ನು ಕಲಿಯುವುದಿಲ್ಲ. ಶರತ್ಕಾಲದ ಅಭ್ಯಾಸ ಪಂದ್ಯಗಳಲ್ಲಾದರೂ ಕ್ಯಾಚರ್‌ಗಳಿಗೇ ನಿರ್ಧಾರ ಬಿಡುವ ಕೋಚ್ ಮೇಲೆಂದು ನಮ್ಮ ಎಣಿಕೆ.

## ಇನ್ನೂ ಆಳಕ್ಕೆ

ಬ್ಯಾಟ್ ನಿಯಮ ಬದಲಾದರೆ ಆಯ್ಕೆಯೂ ಬದಲಾಗುತ್ತಾ?

ಪೂರ್ತಿ ಬದಲಾಗುತ್ತದೆ. ಎಲ್‌ಎಸ್‌ಯುನಲ್ಲಿ ಸ್ಕಿಪ್ ಬರ್ಟ್‌ಮನ್ 1991ರಿಂದ 2000ದೊಳಗೆ ಐದು ಸಲ ಚಾಂಪಿಯನ್‌ಶಿಪ್ ಗೆದ್ದರು. ಆಗಿನ ಲೋಹದ ಬ್ಯಾಟ್‌ಗಳಿಂದ ಚೆಂಡು ಸಿಡಿಯುತ್ತಿತ್ತು, ಅವರು ಬಲಶಾಲಿ ಬ್ಯಾಟರ್‌ಗಳನ್ನು ತುಂಬಿಕೊಂಡರು. 1997ರಲ್ಲಿ ಆ ತಂಡ 188 ಹೋಂ ರನ್ ಹೊಡೆಯಿತು. 2011ರಲ್ಲಿ ಮರದ ಬ್ಯಾಟ್‌ಗೆ ಹತ್ತಿರವಾಗಿ ವರ್ತಿಸುವ ಹೊಸ ಮಾನದಂಡ ಬಂದು ರನ್ನುಗಳು ಕುಸಿದವು. 2013ರಲ್ಲಿ ಜಾನ್ ಸ್ಯಾವೇಜ್ ಅವರ ಯುಸಿಎಲ್‌ಎ ಪಿಚಿಂಗ್, ಫೀಲ್ಡಿಂಗ್, ಬಂಟ್‌ಗಳಿಂದಲೇ (ಬ್ಯಾಟ್ ಬೀಸದೆ ಚೆಂಡನ್ನು ಮೆಲ್ಲಗೆ ತಟ್ಟುವುದು) ಗೆದ್ದಿತು. 2015ರಲ್ಲಿ ಚೆಂಡಿನ ಹೊಲಿಗೆಯ ಉಬ್ಬನ್ನು ತಗ್ಗಿಸಿದರು, ಗಾಳಿಯ ತಡೆ ಕಡಿಮೆಯಾಗಿ ಹೋಂ ರನ್ ಮರಳಿತು. ಇಂದು ಸೇರಿಸಿಕೊಳ್ಳುವ ಹುಡುಗ ಆಡುವುದು ಎರಡು ಮೂರು ವರ್ಷದ ನಂತರದ ಆಟವನ್ನು. ಅದನ್ನು ಮುಂಚೆಯೇ ಊಹಿಸುವುದೂ ರಿಕ್ರೂಟಿಂಗ್‌ನ ಭಾಗ.

ದುಡ್ಡಿಲ್ಲದ ಸಣ್ಣ ಕಾಲೇಜು ಗೆಲ್ಲೋಕೆ ಸಾಧ್ಯವಾ?

ಸಾಧ್ಯ. 2008ರಲ್ಲಿ ಫ್ರೆಸ್ನೊ ಸ್ಟೇಟ್ ತನ್ನ ರೀಜನಲ್‌ನಲ್ಲಿ ನಾಲ್ಕನೇ ಶ್ರೇಯಾಂಕದ ತಂಡ, ಆ ವರ್ಷ 31 ಪಂದ್ಯ ಸೋತಿತ್ತು, ಆದರೂ ಚಾಂಪಿಯನ್ ಆಯಿತು. ಕೋಸ್ಟಲ್ ಕ್ಯಾರೊಲೈನಾ ಗ್ಯಾರಿ ಗಿಲ್ಮೋರ್ ಅವರ ಕೈಯಲ್ಲಿ 2016ರಲ್ಲಿ ಗೆದ್ದಿತು, ಕೆವಿನ್ ಶ್ನಾಲ್ ಅವರ ಕೈಯಲ್ಲಿ 2025ರ ಫೈನಲ್ ಮುಟ್ಟಿತು. ಅದೇ ವರ್ಷ ಕೆಂಟಕಿಯ ಮರ್ರೇ ಸ್ಟೇಟ್ ಒಮಾಹಾಗೆ ಬಂತು. ಮಳೆ ಬೀಳುವ ವಾಯವ್ಯ ಮೂಲೆಯ ಆರಿಗನ್ ಸ್ಟೇಟ್‌ಗೆ ಪ್ಯಾಟ್ ಕೇಸಿ 2006, 2007, 2018ರಲ್ಲಿ ಮೂರು ಕಪ್ ತಂದರು.

ಇಂಥ ತಂಡಗಳು ದೊಡ್ಡವರು ಬಿಟ್ಟ ಹುಡುಗರಲ್ಲಿ ಒಂದು ಗುಣ ಹುಡುಕುತ್ತವೆ: ಎತ್ತರ ಕಡಿಮೆಯಾದರೂ ಸ್ಟ್ರೈಕ್ ಹಾಕುವವನು, ತಡವಾಗಿ ಬೆಳೆದವನು, ಗಾಯದಿಂದ ಎದ್ದವನು. ಮೂರು ನಾಲ್ಕು ವರ್ಷ ಉಳಿದರೆ ಅವರೇ ಹಳಬರ ತಂಡ. ಪೋರ್ಟಲ್ ಈಗ ಪೆಟ್ಟು ಕೊಡುತ್ತಿರುವುದು ಈ ಉಳಿಯುವಿಕೆಗೇ. ಒಳ್ಳೆಯ ಎರಡನೇ ವರ್ಷ ಆಡಿದ ಕೂಡಲೇ ದೊಡ್ಡ ಕಾಲೇಜು ಹಣ ತೋರಿಸುತ್ತದೆ.

ವೇಳಾಪಟ್ಟಿ ಹಾಕೋದ್ರಲ್ಲೂ ಕೋಚ್ ಚಾಣಾಕ್ಷತನ ಇರುತ್ತಾ?

ಇರುತ್ತದೆ. 64ರ ಆಯ್ಕೆಯಲ್ಲಿ ಆರ್‌ಪಿಐ ಎಂಬ ಸೂಚ್ಯಂಕವನ್ನು ನೋಡುತ್ತಾರೆ: ಸ್ವಂತ ಗೆಲುವಿನ ಪ್ರಮಾಣಕ್ಕೆ ಶೇ. 25, ಎದುರಾಳಿಗಳದಕ್ಕೆ ಶೇ. 50, ಎದುರಾಳಿಗಳ ಎದುರಾಳಿಗಳದಕ್ಕೆ ಶೇ. 25 ತೂಕ. 2013ರಿಂದ ಹೊರಗಿನ ಒಂದು ಗೆಲುವನ್ನು 1.3 ಗೆಲುವೆಂದೂ ತವರಿನ ಗೆಲುವನ್ನು 0.7 ಎಂದೂ ಎಣಿಸುತ್ತಾರೆ. ಅಂದರೆ ದುರ್ಬಲ ತಂಡವನ್ನು ಮನೆಗೆ ಕರೆದು ಗೆದ್ದರೂ ಸೂಚ್ಯಂಕ ಕುಸಿಯಬಹುದು. ಹಿಮ ಬೀಳುವ ಉತ್ತರದ ತಂಡಗಳು ಫೆಬ್ರುವರಿಯಲ್ಲಿ ಹೇಗೂ ದಕ್ಷಿಣಕ್ಕೆ ಹೋಗಿ ಆಡಬೇಕು. ಎದುರಾಳಿಗಳನ್ನು ಸರಿಯಾಗಿ ಆರಿಸಿಕೊಂಡರೆ ಆ ಅನಿವಾರ್ಯತೆಯೇ ಅವರಿಗೆ ಲಾಭ.

ಕೋಚ್‌ನ ನಂಬಿ ಸೇರಿದ ಮೇಲೆ ಕೋಚ್ ಬೇರೆ ಕಡೆ ಹೋದರೆ?

ಹೋಗುತ್ತಾರೆ ಅಂದುಕೊಂಡೇ ಸೇರಿ. 2024ರ ಫೈನಲ್ ಸೋತ ಮರುದಿನವೇ ಟೆಕ್ಸಸ್ ಎ ಆ್ಯಂಡ್ ಎಂ ತಂಡದ ಜಿಮ್ ಶ್ಲಾಸ್‌ನೇಗಲ್ ಬದ್ಧ ಎದುರಾಳಿ ಟೆಕ್ಸಸ್‌ಗೆ ಹೊರಟರು. ಆ ಫೈನಲ್ ಗೆದ್ದ ಟೆನೆಸ್ಸಿಯ ಟೋನಿ ವಿಟೆಲ್ಲೊ 2025ರ ಅಕ್ಟೋಬರ್‌ನಲ್ಲಿ ಮೇಜರ್ ಲೀಗ್‌ನ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ನ ಮ್ಯಾನೇಜರ್ ಆದರು, ಅಂದರೆ ಶರತ್ಕಾಲದ ಅಭ್ಯಾಸ ನಡೆಯುತ್ತಿದ್ದಾಗ. ಟೆನೆಸ್ಸಿಯಲ್ಲಿ ಅಸಿಸ್ಟೆಂಟ್ ಆಗಿದ್ದ ಜಾಶ್ ಇಲ್ಯಾಂಡರ್ ಅವರಿಗೇ ಜವಾಬ್ದಾರಿ ಕೊಟ್ಟದ್ದರಿಂದ ವ್ಯವಸ್ಥೆ ಮುಂದುವರಿಯಿತು.

ಒಪ್ಪಿಗೆ ಕೊಡುವ ಮುನ್ನ ಕೇಳಿ: ಪಿಚಿಂಗ್ ಕೋಚ್ ಎಷ್ಟು ವರ್ಷದಿಂದ ಇದ್ದಾರೆ? ನನ್ನ ಜಾಗದಲ್ಲಿ ಈಗ ಎಷ್ಟು ಜನರಿದ್ದಾರೆ, ಅವರಿಗೆ ಎಷ್ಟು ವರ್ಷ ಉಳಿದಿದೆ? ಕಳೆದ ಶರತ್ಕಾಲದಲ್ಲಿ ಎಷ್ಟು ಜನರನ್ನು ಕೈಬಿಟ್ಟಿರಿ? ಮೊದಲ ವರ್ಷ ಸೇರಿದವರಲ್ಲಿ ಎಷ್ಟು ಜನ ಇಲ್ಲೇ ಪದವಿ ಮುಗಿಸಿದರು? ಹೆಡ್ ಕೋಚ್ ಹೇಳಿದ್ದನ್ನು ಈಗಿನ ಇಬ್ಬರು ಆಟಗಾರರ ಬಳಿ, ಕೋಚ್ ಪಕ್ಕದಲ್ಲಿಲ್ಲದಾಗ, ಇನ್ನೊಮ್ಮೆ ಕೇಳಿ ನೋಡಿ. ಮೊಣಕೈ ಹೋಗಿ ಆಟವೇ ನಿಂತರೂ ಆ ಊರಿನಲ್ಲಿ, ಆ ಕೋರ್ಸ್‌ನಲ್ಲಿ ನಾಲ್ಕು ವರ್ಷ ಓದುತ್ತೀಯಾ ಎಂದು ಮನೆಯಲ್ಲಿ ಹುಡುಗನನ್ನೇ ಕೇಳಿ. "ಇಲ್ಲ" ಅಂದರೆ ಪಟ್ಟಿಯಲ್ಲಿರುವ ಮುಂದಿನ ಕಾಲೇಜನ್ನು ನೋಡಿ.